ಪುಯ್ಯಾಪ್ಳನ ತಟ್ಟೆ

ಆ ವರ್ಷ ಉಪ್ಪನಿಗೆ, ಅಂದರೆ ನನ್ನ ತಂದೆಗೆ, ಒಂದು ಕಡೆ ಕೂರುವುದೇ ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಮೇಜಿನ ಕೆಳಗೆ ಎರಡೂ ಪಾದಗಳು ಒಂದನ್ನೊಂದು ಉಜ್ಜುತ್ತಲೇ ಇರುತ್ತಿದ್ದವು. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಎದ್ದು ಬಾವಿಕಟ್ಟೆಗೆ ಹೋಗಿ, ಕಾಲಿಗೆ ತಣ್ಣೀರು ಸುರಿದುಕೊಂಡು ಬರುತ್ತಿದ್ದ. ತಲಶ್ಶೇರಿ ಬಂದರಿನ ಹತ್ತಿರ ನಮ್ಮದು ಮೀನುಬಲೆಯ ಅಂಗಡಿ. ಅಲ್ಲೂ ಅಷ್ಟೇ. ಗಿರಾಕಿ ಬಲೆ ಹಿಡಿದು ಎಳೆದು ನೋಡುತ್ತಿದ್ದರೆ ಈತ ಚಪ್ಪಲಿ ಬಿಟ್ಟು ಸಿಮೆಂಟು ನೆಲದ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದ.

“ಅಸೈನಾರ್ಕಾ, ಸ್ವಲ್ಪ ನಿಲ್ಲಿ. ನಿಮ್ಮನ್ನ ನೋಡ್ತಾ ನೋಡ್ತಾ ನನಗೇ ತಲೆ ಸುತ್ತುತ್ತೆ,” ಎಂದು ದೋಣಿಯವರು ತಮಾಷೆ ಮಾಡುತ್ತಿದ್ದರು.

“ನಿಂತರೆ ಅಂಗಾಲಿಗೆ ಮೆಣಸು ಅರೆದು ಹಚ್ಚಿದ ಹಾಗಾಗುತ್ತೆ ಮಾರಾಯ. ನಿನ್ನ ತಲೆ ಸುತ್ತಿದರೆ ಸುತ್ತಲಿ ಬಿಡು.”

ಮೊದಲು ಬೆರಳುಗಳಲ್ಲಿ ಜುಮುಜುಮು ಅಂತಿತ್ತಂತೆ. ಆಮೇಲೆ ಉರಿ. ಆಮೇಲೆ ಹಾಸಿಗೆಯ ಬಟ್ಟೆ ತಾಗಿದರೂ ಕಾಲು ಎಳೆದುಕೊಳ್ಳುವಷ್ಟು ನೋವು. ಕೊನೆಗೆ ನನ್ನ ತಾಯಿ, ಉಮ್ಮ, ಹಟ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಾನೂ ಹೋಗಿದ್ದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ರಕ್ತದ ವರದಿ ನೋಡಿ, ಪಾದಗಳನ್ನು ಒತ್ತಿ ನೋಡಿ, “ಬೆಳಿಗ್ಗೆ ಏನು ತಿಂತೀರಿ?” ಎಂದು ಕೇಳಿದರು.

“ಅಕ್ಕಿಹಿಟ್ಟಿನ ಪತ್ತಿರಿ, ಕೋಳಿ ಸಾರು. ಆಮೇಲೆ ಒಂದು ಉನ್ನಕ್ಕಾಯಿ.”

“ಬಾಳೆಹಣ್ಣಲ್ಲಿ ಕಾಯಿ, ಸಕ್ಕರೆ ತುಂಬಿ ತುಪ್ಪದಲ್ಲಿ ಕರಿದದ್ದು ತಾನೇ? ಮಧ್ಯಾಹ್ನ?”

“ತುಪ್ಪದನ್ನ. ಶುಕ್ರವಾರವಾದ್ರೆ ಬಿರಿಯಾನಿ.”

“ಸಂಜೆ?”

“ಚಾಯ ಜೊತೆ ಏನಾದರೂ.”

“ಏನಾದರೂ ಅಂದ್ರೆ?”

“ಅದು ದಿನಕ್ಕೊಂದು ಡಾಕ್ಟರೇ,” ಎಂದು ಉಮ್ಮ ನಡುವೆ ಬಾಯಿ ಹಾಕಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. “ನೋಡಿ, ಸಕ್ಕರೆ ಏರಿ ಏರಿ ನಿಮ್ಮ ಕಾಲಿನ ನರಗಳು ಕೆಟ್ಟಿವೆ. ಮಾತ್ರೆ ಕೊಡ್ತೀನಿ, ಉರಿ ಸ್ವಲ್ಪ ತಗ್ಗುತ್ತೆ. ಆದ್ರೆ ತಟ್ಟೆ ಬದಲಾಗದಿದ್ರೆ ಇನ್ನೂ ಕೆಡುತ್ತೆ. ಅರ್ಧ ತಟ್ಟೆ ತರಕಾರಿ, ಸೊಪ್ಪು ಇರಲಿ. ಉಳಿದದ್ದರಲ್ಲಿ ಮೀನೋ ಕಾಳೋ. ಅನ್ನ, ಪತ್ತಿರಿ ಸ್ವಲ್ಪವೇ ಸ್ವಲ್ಪ. ಸಿಹಿ, ಕರಿದದ್ದು ಬೇಡ. ಬರಿಗಾಲಲ್ಲಿ ಓಡಾಡಬೇಡಿ.”

ಉಪ್ಪ ಕುರ್ಚಿಯಲ್ಲಿ ಅಲುಗಾಡಿದ. “ಡಾಕ್ಟರೇ, ನಾನಿರೋದು ಹೆಂಡತಿ ಮನೆಯಲ್ಲಿ.”

“ನಾನೂ ಇದೇ ಊರಿನವಳು. ನನಗೆ ಅರ್ಥವಾಗುತ್ತೆ. ನಿಮ್ಮ ಕಾಲಿಗೆ ಅರ್ಥವಾಗಲ್ಲ.”

ನಮ್ಮಲ್ಲಿ ಮದುವೆಯಾದ ಗಂಡಸು ಹೆಂಡತಿಯ ಮನೆಗೆ ಬಂದು ಇರುತ್ತಾನೆ. ಅವನು ಆ ಮನೆಯ ಪುಯ್ಯಾಪ್ಳ, ಮದುಮಗ. ತಲೆ ನರೆತರೂ ಮದುಮಗನೇ. ಅವನಿಗೆ ಬಡಿಸುವ ತಟ್ಟೆಯಲ್ಲಿ ಮನೆಯ ಮರ್ಯಾದೆ ಇರುತ್ತದೆ. ನನ್ನ ಉಮ್ಮಾಮ, ಅಂದರೆ ಉಮ್ಮನ ತಾಯಿ, ಹಳೆಯ ಕಾಲದವಳು. ಅತ್ತೆಯಾದವಳು ಅಳಿಯನ ಎದುರು ಬರಬಾರದು ಎಂಬುದನ್ನು ಮೂವತ್ತು ವರ್ಷ ಪಾಲಿಸಿಕೊಂಡು ಬಂದಿದ್ದಳು. ಉಪ್ಪ ಊಟದ ಕೋಣೆಗೆ ಬಂದರೆ ಅಡುಗೆಮನೆಯ ಬಾಗಿಲು ಅರ್ಧ ಮುಚ್ಚುತ್ತಿತ್ತು. ಆ ಅರ್ಧ ಬಾಗಿಲಿನ ಹಿಂದಿನಿಂದ, “ಸಫೂ, ಪುಯ್ಯಾಪ್ಳನಿಗೆ ಇನ್ನೊಂದು ಹಾಕು,” ಎಂಬ ದನಿ ಮಾತ್ರ ಬರುತ್ತಿತ್ತು. ಬಡಿಸುವವಳು ನಾನು. ಹೇಳಬೇಕಾದದ್ದನ್ನೆಲ್ಲ ಅವಳು ಅಡುಗೆಯಲ್ಲಿ ಹೇಳುತ್ತಿದ್ದಳು. ಉಪ್ಪ ತಿಂದು ಉತ್ತರ ಕೊಡುತ್ತಿದ್ದ.

ಅಂಥವಳಿಗೆ ಡಾಕ್ಟರು ಹೇಳಿದ್ದನ್ನು ಹೇಳುವುದು ಹೇಗೆ? ಉಮ್ಮ ಒಂದು ಇಡೀ ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಅಲ್ಲಿಂದಿಲ್ಲಿಗೆ ಇಡುತ್ತ ಕಳೆದು, ಕೊನೆಗೆ ಹೇಳಿಯೇಬಿಟ್ಟಳು.

ಉಮ್ಮಾಮ ಪತ್ತಿರಿ ತಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. “ಅಂದ್ರೆ ನನ್ನ ಕೈಯಡುಗೆ ವಿಷ ಅಂದ್ಲಾ ಆ ಹುಡುಗಿ?”

“ಹಾಗಲ್ಲ ಉಮ್ಮಾ. ಸಕ್ಕರೆ ಕಾಯಿಲೆಯವರಿಗೆಲ್ಲ ಹಾಗೇ ಹೇಳೋದು.”

“ಸೊಪ್ಪು, ಕಾಳು. ಅದನ್ನ ಹಾಕಿ ಪುಯ್ಯಾಪ್ಳನನ್ನ ಸಾಕಿದ್ರು ಅಂತ ಬೀದಿಯಲ್ಲಿ ಗೊತ್ತಾದ್ರೆ ನಾನು ಮುಖ ಎತ್ತೋದು ಹೇಗೆ?”

ಮಧ್ಯಾಹ್ನ ಎಂದಿನಂತೆ ತುಪ್ಪದನ್ನ ಬಂತು. ಉಪ್ಪ ಎರಡು ತುತ್ತು ತಿಂದ. ಮೀನು ತಿಂದ. ಉಳಿದದ್ದನ್ನು ಬಿಟ್ಟು ಎದ್ದ. ನಾನು ತಟ್ಟೆ ಒಳಗೆ ಒಯ್ದಾಗ ಉಮ್ಮಾಮ ಅದನ್ನು ನೋಡಿದಳು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಒಂದು ವಾರ ಅವಳು ಹೆಚ್ಚು ಹೆಚ್ಚು ಮಾಡಿ ಕಳಿಸಿದಳು. ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ದಾರದಂತೆ ಬಿಟ್ಟು ಮಾಡುವ ಮುಟ್ಟಮಾಲ ಕೂಡ ಬಂತು. ಮದುವೆಮನೆಗೆ ಬಿಟ್ಟರೆ ಅದನ್ನು ಯಾರೂ ಮಾಡುವುದಿಲ್ಲ. ಅದೂ ಹಾಗೇ ಹಿಂದಿರುಗಿದ ಮೇಲೆ ಅವಳು ಕೈತೊಳೆದುಕೊಂಡು ತನ್ನ ಕೋಣೆಗೆ ಹೋಗಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಅಡುಗೆ ಉಮ್ಮನ ತಲೆಗೆ ಬಂತು. ಉಮ್ಮನಿಗೆ ಅಷ್ಟು ಅಭ್ಯಾಸವಿಲ್ಲ. ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಉಪ್ಪ ಅಂಗಳದಲ್ಲಿ ಓಡಾಡುತ್ತಿದ್ದ, ಉಮ್ಮ ಎರಡು ಕೋಣೆಗಳ ನಡುವೆ ಓಡಾಡುತ್ತಿದ್ದಳು. ನಾನು ಯಾರ ಮಾತನ್ನು ಯಾರಿಗೆ ಮುಟ್ಟಿಸಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಆಗಲೇ ಮೀನು ಮಾರುವ ಜಾನಕಿ ಒಂದು ಮಾತು ಬಿಟ್ಟು ಹೋದಳು. ಬುಟ್ಟಿ ಇಳಿಸುತ್ತ, “ನಿಮ್ಮ ಪುಯ್ಯಾಪ್ಳನನ್ನ ನಿನ್ನೆ ಅವರಕ್ಕ ಕದೀಶನ ಮನೇಲಿ ನೋಡ್ದೆ. ಮೊನ್ನೆಯೂ ಇದ್ರು. ಒಳ್ಳೇ ಹಸಿದವರ ಹಾಗೆ ಹೆಸರುಕಾಳು ತಿಂತಾ ಇದ್ರು ಪಾಪ,” ಎಂದಳು.

ಹೆಂಡತಿಯ ಮನೆಯಲ್ಲಿರುವ ಗಂಡಸು ತನ್ನ ಅಕ್ಕನ ಮನೆಗೆ ಹೋಗಿ ಹೊಟ್ಟೆ ತುಂಬಿಸಿಕೊಳ್ಳುವುದೆಂದರೆ ನಮ್ಮಲ್ಲಿ ಸಣ್ಣ ವಿಷಯವಲ್ಲ. ಉಮ್ಮಾಮ ಮಂಚದಿಂದ ಎದ್ದು ಕೂತಳು. ಉಮ್ಮನನ್ನು ಕರೆದಳು. “ಸುಹರಾ, ಊರಿಗೆಲ್ಲ ಗೊತ್ತಾಯ್ತಲ್ಲ. ಪುಯ್ಯಾಪ್ಳನನ್ನ ಹಸಿವಲ್ಲಿಟ್ಟ ಮನೆ ಅಂತ ಹೆಸರು ಬಂತಲ್ಲ. ಕೇಳು ನಿನ್ನ ಗಂಡನನ್ನ, ನಾನು ಏನು ಕಡಿಮೆ ಮಾಡಿದ್ದೆ ಅಂತ.”

ಉಮ್ಮ ಕೇಳಿದಳು. ಉಪ್ಪ ಅಂಗಳದಲ್ಲೇ ಓಡಾಡುತ್ತ ಉತ್ತರಿಸಿದ. “ಕಡಿಮೆ ಮಾಡಿದ್ದಿದ್ರೆ ನಾನ್ಯಾಕೆ ಹೋಗ್ತಿದ್ದೆ? ಅಲ್ಲಿ ತಟ್ಟೇಲಿ ಬಿಟ್ರೆ ಯಾರೂ ಅಳಲ್ಲ. ಅದಕ್ಕೇ ಹೋದೆ.”

ಆ ಮಾತು ಗೋಡೆ ದಾಟಿ ಉಮ್ಮಾಮನಿಗೆ ಕೇಳಿಸಿತೆಂದು ನನಗೆ ಗೊತ್ತು.

ಆ ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದ ಉಪ್ಪ ಚಪ್ಪಲಿ ಬಿಟ್ಟು ಹಿತ್ತಿಲಲ್ಲಿ ನಡೆದಾಡುತ್ತಿದ್ದ. ಹಸಿನೆಲ ತಂಪೆಂದು ಅವನಿಗೆ ಆಸೆ. ಬಾವಿಯ ಪಕ್ಕ ಕಲ್ಲುಮ್ಮಕ್ಕಾಯಿ ಎಂಬ ಚಿಪ್ಪುಮೀನಿನ ಖಾಲಿ ಚಿಪ್ಪುಗಳ ರಾಶಿ ಬಿದ್ದಿತ್ತು. ಊಟಕ್ಕೆ ಕರೆದಾಗ ಒಳಗೆ ಬಂದ. ಅಡುಗೆಮನೆಯ ಮುಂದಿನಿಂದ ಹಾದು ಮೇಜಿನವರೆಗೆ ನಡೆದು ಕುರ್ಚಿ ಎಳೆದ. ಉಮ್ಮಾಮ ಅಂದು ನೀರು ಕುಡಿಯಲೆಂದು ಅಡುಗೆಮನೆಗೆ ಬಂದಿದ್ದಳು. ಬಾಗಿಲ ಸಂದಿಯಿಂದ ನೆಲ ನೋಡಿದಳು. ಬಿಳಿ ನೆಲದ ಮೇಲೆ ಬಲಪಾದದ ಗುರುತು ಕೆಂಪಾಗಿ ಮೂಡಿತ್ತು, ಹೆಜ್ಜೆಯ ಹಿಂದೆ ಹೆಜ್ಜೆ.

“ಅಸೈನಾರೇ.”

ಆ ಹೆಸರನ್ನು ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಬಾಗಿಲು ಪೂರ್ತಿ ತೆರೆಯಿತು. ಉಮ್ಮಾಮ ತಲೆವಸ್ತ್ರ ತಟ್ಟವನ್ನು ಸರಿಯಾಗಿ ಎಳೆದುಕೊಂಡು ಊಟದ ಕೋಣೆಗೆ ಬಂದಳು.

“ಅಲ್ಲೇ ಕೂತ್ಕೊಳ್ಳಿ. ಕಾಲು ಊರಬೇಡಿ. ಸಫೂ, ನೀರು ತಾ.”

ಉಪ್ಪ ಗಾಬರಿಯಿಂದ ಏಳಲು ಹೋದ. ಅತ್ತೆ ಎದುರು ನಿಂತಿದ್ದಾಳೆಂಬ ಗಾಬರಿ ಅದು. ರಕ್ತವನ್ನು ಅವನಿನ್ನೂ ನೋಡಿಯೇ ಇರಲಿಲ್ಲ. ಉಮ್ಮಾಮ ನೆಲದ ಮೇಲೆ ಕೂತು ಅವನ ಪಾದವನ್ನು ಹಿಡಿದೆತ್ತಿದಳು. ಅವನು ಎಳೆದುಕೊಂಡ. ಅವಳು ಬಿಡಲಿಲ್ಲ. ಚಿಪ್ಪಿನ ಚೂರು ಹಿಮ್ಮಡಿಯ ಹತ್ತಿರ ಆಳಕ್ಕೆ ಇಳಿದಿತ್ತು. ಉಗುರಿನಿಂದ ಹಿಡಿದು ಎಳೆದು ತೆಗೆದಳು. ಉಪ್ಪ ಹುಬ್ಬು ಕೂಡ ಗಂಟಿಕ್ಕಲಿಲ್ಲ.

“ನೋವಾಗ್ಲಿಲ್ವಾ?”

“ಇಲ್ಲ ಉಮ್ಮಾ. ಚುಚ್ಚಿದ್ದೇ ಗೊತ್ತಾಗ್ಲಿಲ್ಲ.”

“ಇಡೀ ದಿನ ಉರಿ ಉರಿ ಅಂತೀರಿ.”

“ಉರಿ ಈಗಲೂ ಇದೆ. ಇದು ಮಾತ್ರ ಗೊತ್ತಾಗ್ಲಿಲ್ಲ.”

ಉಮ್ಮಾಮ ಪಾದವನ್ನು ಮಡಿಲಲ್ಲಿಟ್ಟುಕೊಂಡಳು. ನಾನು ನೀರು ತಂದೆ, ಉಮ್ಮ ಬಟ್ಟೆ ತಂದಳು. ಗಾಯ ತೊಳೆದು ಕಟ್ಟಿದ ಮೇಲೆ ಅವಳು ತಲೆಯೆತ್ತಿ ಅವನ ಮುಖ ನೋಡಿದಳು.

“ಕದೀಶ ಏನು ಹಾಕ್ತಾಳೆ?”

“ಹೆಸರುಕಾಳು. ನುಗ್ಗೆಸೊಪ್ಪು. ಮತ್ತಿಮೀನು ಹುಳಿ.”

“ಮತ್ತಿಗೆ ಕೊಡಂಪುಳಿ ಹಾಕ್ತಾಳಾ, ಹುಣಸೆಹಣ್ಣು ಹಾಕ್ತಾಳಾ?”

“ಹುಣಸೆ.”

“ಅದಕ್ಕೇ,” ಎಂದಳು ಉಮ್ಮಾಮ. ಏನಕ್ಕೇ ಎಂದು ಯಾರೂ ಕೇಳಲಿಲ್ಲ.

ಮರುದಿನ ಅವಳು ಅಡುಗೆಮನೆಗೆ ಮರಳಿದಳು. ಮೊದಮೊದಲು ಮಾಡಿದ್ದನ್ನು ಬಾಯಿಗಿಡಲು ಆಗುತ್ತಿರಲಿಲ್ಲ. ಎಣ್ಣೆ ಸುರಿದು, ಮಸಾಲೆ ಹುರಿದು ಅಭ್ಯಾಸವಾದ ಕೈ; ಸೊಪ್ಪಿಗೆ ಎಷ್ಟು ಉಪ್ಪು ಬೇಕೆಂಬುದೂ ತಿಳಿಯದು. ರಾಗಿಹಿಟ್ಟಿನಲ್ಲಿ ಪತ್ತಿರಿ ತಟ್ಟಲು ಹೋಗಿ ಅದು ಹೆಂಚಿನ ಮೇಲೆಯೇ ಒಡೆಯಿತು.

“ಹೇಗಿದೆ?” ಎಂದು ಬಾಗಿಲಲ್ಲಿ ನಿಂತು ನೇರವಾಗಿ ಕೇಳುತ್ತಿದ್ದಳು.

“ಚೆನ್ನಾಗಿದೆ ಉಮ್ಮಾ.”

“ಸುಳ್ಳು. ಮೂವತ್ತು ವರ್ಷ ಹೀಗೇ ಹೇಳಿದ್ರಾ ನೀವು?”

ಉಪ್ಪ ನಕ್ಕುಬಿಟ್ಟ. “ಮುಟ್ಟಮಾಲ ನನಗೆ ಯಾವತ್ತೂ ಸೇರ್ತಿರಲಿಲ್ಲ.”

ಆ ಮಾತಿಗೆ ಅವಳು ಎರಡು ದಿನ ಮುನಿಸಿಕೊಂಡಳು. ಆದರೆ ಅಡುಗೆ ನಿಲ್ಲಲಿಲ್ಲ. ಕಲ್ಲುಮ್ಮಕ್ಕಾಯಿಗೆ ಅಕ್ಕಿಹಿಟ್ಟು ತುಂಬಿ ಕರಿಯುವುದನ್ನು ಬಿಟ್ಟು ಬರೀ ಮೆಣಸು, ಶುಂಠಿ ಹಾಕಿ ಹಬೆಯಲ್ಲಿ ಬೇಯಿಸಿದಳು. ಹಸಿಪಪ್ಪಾಯಿ, ಬಾಳೆಹೂವು ಮನೆಗೆ ಬಂದವು. ನಡುವೆ ಉಪ್ಪನ ತಮ್ಮನ ಮಗಳ ಮದುವೆಯಲ್ಲಿ ಅವನು ಯಾರ ಕಣ್ಣಿಗೂ ಬೀಳದಂತೆ ಎರಡು ಸಲ ಬಿರಿಯಾನಿ ಹಾಕಿಸಿಕೊಂಡ. ಮರುವಾರ ಕಾಲು ಉರಿದು ಅಂಗಡಿಗೆ ಹೋಗಲಾಗದೆ ಮಲಗಿದಾಗ ಅವಳಿಂದ ಸರಿಯಾಗಿ ಬೈಸಿಕೊಂಡ. ಅಷ್ಟು ವರ್ಷ ಕಟ್ಟಿಟ್ಟ ಮಾತೆಲ್ಲ ಅಂದು ಹೊರಗೆ ಬಂದಿತ್ತು.

ತಿಂಗಳುಗಳು ಕಳೆದಂತೆ ಉರಿ ಒಂದಿಷ್ಟು ಇಳಿಯಿತು. ಮಾತ್ರೆಯಿಂದಲೋ ತಟ್ಟೆಯಿಂದಲೋ, ಎರಡರಿಂದಲೂ ಇರಬೇಕು. ಕೆಲವು ದಿನ ಹಾಲೂ ಸಕ್ಕರೆಯೂ ಇಲ್ಲದ ಸುಲೈಮಾನಿ ಚಾಯವನ್ನು ಏಳದೆ ಕುಡಿದು ಮುಗಿಸುತ್ತಿದ್ದ. ಕೆಲವು ದಿನ ಮತ್ತೆ ಅದೇ ಓಡಾಟ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ತಾನೂ ಬರುತ್ತೇನೆಂದು ಉಮ್ಮಾಮ ಹೊರಟಳು. ಎಳೆ ಹಲಸಿನಕಾಯಿ ಹಾಕಬಹುದೋ ಬೇಡವೋ ಎಂದು ಕೇಳಬೇಕಿತ್ತಂತೆ. ಅದನ್ನು ಕೇಳಿದಳು. ಡಾಕ್ಟರು ವರದಿ ನೋಡಿ ಸಕ್ಕರೆ ಚೆನ್ನಾಗಿ ಇಳಿದಿದೆ ಎಂದಾಗ ಬೀಗಿದಳು. ಆಮೇಲೆ, “ಹಾಗಾದ್ರೆ ಈ ಉರಿ ಯಾವಾಗ ಹೋಗುತ್ತೆ?” ಎಂದಳು.

“ಪೂರ್ತಿ ಹೋಗುತ್ತೆ ಅಂತ ಹೇಳೋಕಾಗಲ್ಲ ಉಮ್ಮಾ. ಹೆಚ್ಚಾಗದ ಹಾಗೆ ನೋಡ್ಕೊಳ್ಳೋಣ.”

ಹಿಂದಿರುಗುವಾಗ ಆಟೋದಲ್ಲಿ ಉಮ್ಮಾಮ ಉಪ್ಪನಿಗೂ ನನಗೂ ನಡುವೆ ಹೊರಗೆ ನೋಡುತ್ತ ಕೂತಿದ್ದಳು. ಸೇತುವೆ ದಾಟಿದ ಮೇಲೆ ಮಾತಾಡಿದಳು.

“ಉರಿ ಪೂರ್ತಿ ಹೋಗಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಹೇಳಲಿಲ್ಲ.”

“ಹೇಳಿದ್ರೆ ನೀವು ಅಡುಗೆ ಬಿಟ್ಟು ಮತ್ತೆ ಮಲಗ್ತಿದ್ರಿ.”

ಅಷ್ಟು ಹೊತ್ತು ಕೂತಿದ್ದಕ್ಕೆ ಉಪ್ಪನ ಪಾದಗಳು ಬೂಟಿನೊಳಗೆ ಮತ್ತೆ ಒದ್ದಾಡತೊಡಗಿದ್ದವು. ಉಮ್ಮಾಮ ತನ್ನ ಚೀಲವನ್ನು ಕೆಳಗಿನಿಂದ ಎತ್ತಿ ಮಡಿಲಿಗೆ ಹಾಕಿಕೊಂಡು, ಅವನು ಕಾಲು ಚಾಚಲೆಂದು ನನ್ನ ಕಡೆ ಸರಿದು ಕೂತಳು.