ಏರಿನಲ್ಲಿ ನಿಲ್ಲುವ ವೈಪರ್

ಮಾವನ ಹಳೆಯ ಕಾರಿಗೆ ಮಾವನಷ್ಟೇ ಜಂಬ. ಅಳಿಯ ಆಟೋ ಎಲೆಕ್ಟ್ರಿಷಿಯನ್, ಹೆಂಡತಿಯ ತವರಿನಲ್ಲೇ ವಾಸ. ಊರವರ ಕಾರುಗಳನ್ನೆಲ್ಲ ಬಿಚ್ಚಿ ಜೋಡಿಸುವವನಿಗೆ ಈ ಕಾರಿನ ಸ್ಟೇರಿಂಗ್ ಮುಟ್ಟುವ ಭಾಗ್ಯ ಮಾತ್ರ ಇರಲಿಲ್ಲ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಸಲ ಓಡಿಸಬೇಕೆಂದು ಜೀವ ಬಾಯಿಬಿಡುತ್ತಿತ್ತು.

"ವೈಪರ್ ಕೈಕೊಟ್ಟಿದೆ. ಸರಿಮಾಡು, ಕೀ ಕೊಡ್ತೀನಿ," ಎಂದರು ಮಾವ ಒಂದು ದಿನ.

ಆ ಕಾಲದ ವೈಪರಿಗೆ ಕರೆಂಟಿಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವ ಬಲದಲ್ಲೇ ಅದು ಆಡಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ನಿಂತುಬಿಡುತ್ತದೆ, ಕಾಲು ತೆಗೆದರೆ ಮತ್ತೆ ಆಡುತ್ತದೆ. ಮಳೆಯಲ್ಲಿ ದಾರಿ ಕಾಣಬೇಕೋ ಕಾರು ಏರಬೇಕೋ ಎಂದು ಆರಿಸಿಕೊಳ್ಳಬೇಕು. ಈ ದರಿದ್ರ ಅವಸ್ಥೆಯನ್ನು ಮಾವ 'ಡ್ರೈವಿಂಗ್ ಗೊತ್ತಿರೋರ ಕಾರು' ಎಂದು ಕೊಚ್ಚಿಕೊಳ್ಳುತ್ತಿದ್ದರು.

ಎಂಜಿನ್ನಿನಿಂದ ವೈಪರಿಗೆ ಹೋಗುವ ರಬ್ಬರ್ ಪೈಪ್ ಹರಿದಿತ್ತು, ಅದನ್ನು ಬದಲಿಸಿ ಸುಮ್ಮನಿರಬಹುದಿತ್ತು. ಪಾಪ, ಅಳಿಯ ತಲೆ ಓಡಿಸಿದ. ಡ್ಯಾಶ್‌ಬೋರ್ಡಿನ ಹಿಂದೆ ಪುಟ್ಟ ಕರೆಂಟ್ ಮೋಟರ್ ಅಡಗಿಸಿ, ವೈಪರಿನ ಹಳೆಯ ಕಡ್ಡಿಗಳನ್ನೇ ಅದಕ್ಕೆ ಜೋಡಿಸಿದ. ಹಳೆಯ ಗುಂಡಿಯೇ ಸ್ವಿಚ್ಚಾಯಿತು. ಹೊರಗಿನಿಂದ ನೋಡಿದರೆ ಹೆತ್ತ ಕಂಪನಿಗೂ ಗುರುತು ಸಿಗುತ್ತಿರಲಿಲ್ಲ. ಮಾವನಿಗೆ ಮಾತ್ರ ತಾನೇ ಹೇಳಿಕೊಂಡ.

ಭಾನುವಾರ ಮಾವನ ಗೆಳೆಯರಿಬ್ಬರು ಬಂದರು, ಇಬ್ಬರೂ ಹಳೇ ಕಾರಿನ ಹುಚ್ಚರೇ.

"ಏನ್ ಮಾಡಿದ್ದೀಯ, ಇವರಿಗೂ ತೋರಿಸಪ್ಪ," ಎಂದರು ಮಾವ, ಬೆಣ್ಣೆಯಂಥ ದನಿಯಲ್ಲಿ.

ಅಳಿಯ ಉಬ್ಬಿಹೋದ. ಒಂದೊಂದು ತಂತಿಯನ್ನೂ ಎಳೆದೆಳೆದು ವಿವರಿಸಿದ. ಗೆಳೆಯರು ಬಗ್ಗಿ ನೋಡಿದರು.

"ನೋಡಿದ್ರಲ್ಲ? ಕಾರನ್ನ ಕುಲಗೆಡಿಸೋದು ಅಂದ್ರೆ ಇದೇ," ಎಂದರು ಮಾವ. "ಈಗ ಬಿಚ್ಚು. ಇವರೆದುರಿಗೇ ಬಿಚ್ಚಿ ಮೊದಲಿನ ಹಾಗೆ ಮಾಡು."

"ಮಳೇಲಿ ಕಾಣ್ಲಿ ಅಂತ, ಮಾವ..."

"ಇಷ್ಟು ವರ್ಷ ನಾನೇನು ಕಣ್ಮುಚ್ಕೊಂಡು ಓಡಿಸಿದ್ನಾ?"

ಅಳಿಯ ಹೆಂಡತಿಯ ಮುಖ ನೋಡಿದ. ಅವಳು ಒಳಗೆ ಹೋಗಿ ಟಾರ್ಚ್ ತಂದು ಹಿಡಿದಳು. "ಬೇಗ ಬಿಚ್ರೀ, ಅವರಿಗೆ ಹೊತ್ತಾಗುತ್ತೆ." ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಅವನು ಬಿಚ್ಚಿದ. ಬಾಗಿಲಾಚೆ ಚಾಚಿದ್ದ ಅವನ ಕಾಲುಗಳನ್ನು ದಾಟಿಕೊಂಡು ಗೆಳೆಯರು ಓಡಾಡಿದರು.

ಕೆಲಸ ಮುಗಿಯುವಷ್ಟರಲ್ಲಿ ಮಳೆ ಹಿಡಿದಿತ್ತು. "ನಾನು ಮಾತಿಗೆ ತಪ್ಪೋನಲ್ಲ," ಎಂದು ಮಾವ ಕೀ ಎಸೆದರು. "ಇವರನ್ನ ಮನೆಗೆ ಬಿಟ್ಟು ಬರೋಣ, ನಡಿ."

ಪಕ್ಕದ ಸೀಟಿನಲ್ಲಿ ಮಾವನೇ ಕೂತರು. ಹೆಂಡತಿ ಗೆಳೆಯರ ಜೊತೆ ಹಿಂದೆ ಕೂತಳು.

ಏರು ಬಂತು. ಅಳಿಯ ಪೆಡಲ್ ಒತ್ತಿದ, ವೈಪರ್ ನಿಂತಿತು. ಗಾಜಿನ ತುಂಬ ನೀರು.

"ಕಾಲ್ ತೆಗಿ!"

ತೆಗೆದ. ದಾರಿ ಕಂಡಿತು, ಕಾರು ಮುಗ್ಗರಿಸಿತು.

"ಒತ್ತು!"

ಒತ್ತಿದ. ಮತ್ತೆ ಏನೂ ಕಾಣದು.

"ಕಾಲ್ ತೆಗಿಯೋ, ಎಲೆಕ್ಟ್ರಿಷಿಯನ್!"

ಹಿಂದಿನವರು ಬಿದ್ದು ಬಿದ್ದು ನಕ್ಕರು. ಮುಂದಿನ ತಿರುವಿನ ಹೊತ್ತಿಗೆ ಅವರೂ ರಾಗವಾಗಿ ಕೂಗತೊಡಗಿದರು, "ತೆಗಿ... ಒತ್ತು... ತೆಗಿ..." ಆ ಮೂರು ದನಿಗಳಲ್ಲಿ ಒಂದು ಹೆಂಡತಿಯದು. ಅಳಿಯನ ಕಾಲು ತಡವರಿಸಿ ಎಂಜಿನ್ ನಿಂತುಹೋಯಿತು.

"ಇಳಿ," ಎಂದರು ಮಾವ. ಅವನು ಇಳಿದ. ಅವರು ಸ್ಟೇರಿಂಗಿನತ್ತ ಜರುಗಿ ಕೂತು ಎಂಜಿನ್ ಎಬ್ಬಿಸಿದರು. ಅಳಿಯ ಮಳೆಯಲ್ಲಿ ಸುತ್ತಿ ಬಂದು ಆ ಕಡೆಯ ಬಾಗಿಲಿಗೆ ಕೈಹಾಕಿದ.

ಹೆಂಡತಿ ಹಿಂದಿನ ಕಿಟಕಿಯ ಗಾಜನ್ನು ಒಂದಿಷ್ಟು ಇಳಿಸಿದಳು. "ನೀವು ನಡ್ಕೊಂಡು ಬನ್ರೀ," ಎಂದಳು. "ಒದ್ದೆ ಬಟ್ಟೇಲಿ ಕೂತ್ರೆ ಸೀಟು ಹಾಳಾಗುತ್ತೆ."