ತಾಮ್ರದ ಹಂಡೆಯ ನೀರು

ದಿಂಬಂ ಘಾಟಿಯ ತಿರುವುಗಳುದ್ದಕ್ಕೂ ಶೈಲಶ್ರೀ ಬಸ್ಸಿನಲ್ಲಿ ನೀರಿನ ಚೀಲದೊಳಗೆ ಮಡಿಲಲ್ಲಿಟ್ಟು ತಂದಿದ್ದ ಸಾಕು ಸಿಗಡಿ, ಮೊಟ್ಟೆ ಹೊತ್ತ ಈ ಹೊತ್ತಿನಲ್ಲಿ ಗಾಜಿನ ತೊಟ್ಟಿಯ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅದರ ಜೊತೆಗಿದ್ದ ಬಸವನಹುಳುಗಳು ನೀರು ಬಿಟ್ಟು ಅಂಚಿಗೆ ಹತ್ತಿದ್ದವು. ತಾನೇ ತಿಂಡಿ ಹೆಚ್ಚು ಹಾಕಿದೆನೇನೋ ಎಂದುಕೊಂಡಳು ಶೈಲಶ್ರೀ.

"ಅತ್ತೆ, ತೊಟ್ಟಿಗೆ ಏನಾರ ಉಯ್ದ್ರಾ?"

"ತಾಮ್ರದ ಅಂಡೆ ನೀರು ಉಯ್ದೆ ಕಣವ್ವ," ಎಂದರು ಶಿವಮಲ್ಲಮ್ಮ. "ಲಿಂಗ ಕಟ್ಟಿದ ಮನೇಲಿ ಮೀನು ಸಾಕ್ತಿದ್ದೀಯ, ಅವೂ ಒಳ್ಳೆ ನೀರು ಕುಡೀಲಿ ಅಂತ!"

ನಮಗೆ ಒಳ್ಳೆಯದಾದ ತಾಮ್ರ ಸಿಗಡಿಗೂ ಹುಳುಗಳಿಗೂ ವಿಷ ಎಂದು ಶೈಲಶ್ರೀ ಹೇಳಿದಾಗ ಅತ್ತೆಯ ಮುಖ ಕಪ್ಪಿಟ್ಟಿತು. ಮೊನ್ನೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತುಂಬಿಟ್ಟಿದ್ದ ಬಾವಿ ನೀರಿಗೆ ಶೈಲಶ್ರೀ ಸಿಗಡಿಯನ್ನು ಬಿಟ್ಟಳು. ಅತ್ತೆ ಹುಳುಗಳನ್ನು ಒಂದೊಂದಾಗಿ ಅಂಚಿನಿಂದ ಬಿಡಿಸಿ ತಂದರು.

ಇಬ್ಬರೂ ಬಕೆಟ್ಟಿನ ಮೇಲೆ ಬಾಗಿ ಕಾದರು. ಬಹಳ ಹೊತ್ತಿನ ಮೇಲೆ ಸಿಗಡಿ ನೆಟ್ಟಗಾಗಿ, ಎಂದಿನಂತೆ ಹೊಟ್ಟೆಯಡಿಯ ಮೊಟ್ಟೆಗಳಿಗೆ ಕಾಲಿನಿಂದ ನೀರು ಬೀಸತೊಡಗಿತು.