ಸಿಮೆಂಟಿನಡಿಯ ಮೋರಿ

ತೆಲುಗು ಸೀಮೆಯ ಪಟಮಟ ಬಡಾವಣೆಯ ಆ ಮನೆಯ ಬಚ್ಚಲಲ್ಲಿ ನೀರು ನಿಂತರೆ ಮಾಲೀಕ ದಕ್ಷಿಣಾಮೂರ್ತಿಗಳು ಕಾರಣಕ್ಕಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಕೆಳಗೆ ಬಾಡಿಗೆಗಿದ್ದ ಅನಸೂಯಾಳ ಉದ್ದ ಕೂದಲು. ಅದಲ್ಲವಾದರೆ ಅವಳು ಚೆಲ್ಲುವ ಗಂಜಿ. ಬ್ಯಾಂಕಿನಲ್ಲಿದ್ದ ಗಂಡ ರಮಾಕಾಂತನಿಗೆ ಧಾರವಾಡದಿಂದ ಇಲ್ಲಿಗೆ ವರ್ಗವಾದಾಗಿನಿಂದ ಅವಳು ಈ ಮಾತು ನುಂಗುತ್ತಲೇ ಬಂದಿದ್ದಳು.

ಆ ಬೇಸಿಗೆಯಲ್ಲಿ ಮಗಳ ಮದುವೆಗೆಂದು ಮಾಲೀಕರು ಹಿತ್ತಲಿಗೆಲ್ಲ ಸಿಮೆಂಟು ಬಳಿಸಿದರು. ಅಲ್ಲಿಂದಾಚೆ ನೀರು ಇಳಿಯುವುದೇ ನಿಂತಿತು. ಮಾಲೀಕರು ಒಂದು ಸೀಸೆ ಆಸಿಡ್ ತಂದು ಸುರಿದರು. ಬುಸ್ಸೆಂದು ಹೊಗೆಯೆದ್ದು ಅನಸೂಯಾಳ ಪುಟ್ಟ ಮಗಳು ಕಮಲಾ ಸಂಜೆಯವರೆಗೂ ಕೆಮ್ಮಿದಳು. ನೀರು ಮಾತ್ರ ಕದಲಲಿಲ್ಲ.

ಮರುದಿನ ಅವರು ಇನ್ನೊಂದು ಸೀಸೆ ಹಿಡಿದು ಬಂದಾಗ ಅನಸೂಯಾ ಬಾಗಿಲಿಗೆ ಅಡ್ಡ ನಿಂತಳು.

“ವದ್ದಂಡಿ,” ಎಂದಳು ಹರಕು ತೆಲುಗಿನಲ್ಲಿ. “ಬೇಡ. ಇದನ್ನ ಇನ್ನು ನಮ್ಮ ಮನೆಯೊಳಗೆ ತರಬೇಡಿ.”

“ನಿಮ್ಮ ಮನೆಯಾ ಅಮ್ಮಾ?”

“ಬಾಡಿಗೆ ಕೊಡೋ ತನಕ ನಮ್ಮದೇ.”

ಸಿಟಿ ಬಸ್ಸು ಹತ್ತಿ ಒನ್ ಟೌನ್ ಪೇಟೆಗೆ ಹೋದವಳು ಕೋಲಿಗೆ ಸಿಕ್ಕಿಸಿದ ರಬ್ಬರ್ ಬಟ್ಟಲನ್ನೂ ಬಳುಕುವ ಸ್ಪ್ರಿಂಗ್ ತಂತಿಯ ಸುರುಳಿಯನ್ನೂ ತಂದಳು. ರಬ್ಬರ್ ಬಟ್ಟಲನ್ನು ಒತ್ತಿ ಒತ್ತಿ ತೋಳು ಸೋತಿತೇ ಹೊರತು ಇಳಿದ ನೀರು ಹಾಗೇ ಮೇಲೆ ಬಂತು. ಅಂದರೆ ಅಡ್ಡಿ ಹತ್ತಿರದಲ್ಲಿಲ್ಲ. ತಂತಿ ತೂರಿಸಿದಳು. ಕೂದಲಿದ್ದರೆ ಮೆತ್ತಗೆ ಸಿಕ್ಕಿಕೊಳ್ಳಬೇಕಿತ್ತು. ಇದು ಸಲೀಸಾಗಿ ದೂರ ಹೋಗಿ ಠಣ್ಣೆಂದು ನಿಂತಿತು. ಹೊರಗೆಳೆದರೆ ತುದಿಯಲ್ಲಿ ಬೂದು ಬಣ್ಣದ ಪುಡಿ.

ಒಳಗೆ ಹೋದಷ್ಟೇ ಉದ್ದದ ತಂತಿಯನ್ನು ಬಚ್ಚಲ ಗೋಡೆಯಿಂದ ಹಿತ್ತಲಿಗೆ ಹಾಸಿ ನೋಡಿದಳು. ಮೊದಲು ಮೋರಿ ಗುಂಡಿಯ ಮುಚ್ಚಳವಿದ್ದ ಜಾಗಕ್ಕೇ ತುದಿ ಬಂದು ಮುಟ್ಟಿತು. ಈಗ ಅಲ್ಲಿ ನುಣ್ಣನೆಯ ಹೊಸ ಸಿಮೆಂಟು. ಅವಳು ಹೋಗಿ ಹಾರೆ ಹುಡುಕಿ ತಂದಳು.

“ಅವರ ಹಿತ್ತಲಾ ಒಡೀತೀ ಏನ? ಮನಿ ಬಿಡಸ್ತಾರ ನೋಡು,” ರಮಾಕಾಂತ ದನಿ ತಗ್ಗಿಸಿ ಅಂದ.

“ಬಿಡಸ್ಲಿ. ಆ ಹೊಗಿ ಕುಡದು ಕೂಸು ಕೆಮ್ಮೂದು ಇನ್ನ ನನ್ನ ಕಡಿಂದ ನೋಡ್ಲಿಕ್ಕೆ ಆಗೂದಿಲ್ರಿ. ಹಾರಿ ನೀವು ಹಿಡೀತೀರೋ, ನಾನು ಹಿಡೀಲೋ?”

ಅವನು ಮಹಡಿಯತ್ತ ನೋಡಿದ. ಅವಳೇ ಸೆರಗು ಬಿಗಿದು ಹಾರೆ ಎತ್ತಿದಳು.

ಸದ್ದಿಗೆ ದಕ್ಷಿಣಾಮೂರ್ತಿಗಳು ದಡದಡ ಮೆಟ್ಟಿಲಿಳಿದು ಬಂದರು. “ನಿಲ್ಲಿಸಿ! ಮನೆ ಖಾಲಿ ಮಾಡಬೇಕಾಗುತ್ತೆ!”

“ಮಾಡ್ತೀವಿ. ಮೊದಲು ಈ ಮೋರಿ ಖಾಲಿಯಾಗಲಿ.”

ಬಿರುಕು ಬಿಟ್ಟ ಸಿಮೆಂಟಿನಡಿ ಮುಚ್ಚಳ ಸಿಕ್ಕಿತು. ಎತ್ತಿ ನೋಡಿದರೆ, ಅಂದು ಹರಿದಿಳಿದ ಸಿಮೆಂಟಿನ ರಾಡಿ ಪೈಪಿನ ಬಾಯಲ್ಲೇ ಕಲ್ಲಾಗಿ ಕೂತಿತ್ತು. ಅನಸೂಯಾ ಉಸಿರು ಕಟ್ಟಿ ಕುಟ್ಟಿದಳು. ಸಿಮೆಂಟಿನ ಗಟ್ಟಿ ಕಿತ್ತು ಬಂದದ್ದೇ ತಡ, ಗುಳುಗುಳು ಎಂದು ನೀರು ನುಗ್ಗಿ ಹರಿಯಿತು. ಆ ಗಟ್ಟಿಯನ್ನು ಮಾಲೀಕರ ಕಾಲ ಬಳಿ ಇಟ್ಟು, “ಇದರಲ್ಲಿ ಒಂದು ಕೂದಲು ತೋರಿಸಿ,” ಎಂದಳು.

ಮಹಡಿಯಿಂದ ಅವರ ಹೆಂಡತಿ ಭ್ರಮರಾಂಬ ಗಂಡನನ್ನು ಕೂಗಿದರು: “ಏವಂಡೀ, ನಮ್ಮ ಬಚ್ಚಲ ನೀರೂ ಇಳೀತು!”

ಮೇಲೂ ನೀರು ಕಟ್ಟಿದ್ದನ್ನು ಮಾಲೀಕರು ಯಾರಿಗೂ ಹೇಳಿರಲಿಲ್ಲ. ಮುಖ ಕೆಂಪೇರಿಸಿಕೊಂಡು ಮೆಟ್ಟಿಲು ಹತ್ತಿದವರು, ಬೇರೆ ಮನೆ ನೋಡಿಕೊಳ್ಳಿ ಎಂದು ಸಂಜೆಗೇ ಹೇಳಿ ಕಳಿಸಿದರು. ಅನಸೂಯಾ ಬೇಡಿಕೊಳ್ಳಲಿಲ್ಲ. ನಾಲ್ಕು ಬೀದಿಯಾಚೆ ಮನೆ ಸಿಕ್ಕಿತು.

ಹೊರಡುವ ದಿನ ಬೀಗದ ಕೈ ಕೊಡಲು ರಮಾಕಾಂತನೇ ಮಹಡಿ ಹತ್ತಿದ. ಯಾವತ್ತೂ ತಗ್ಗಿಸಿಯೇ ಮಾತಾಡುವವನ ದನಿ ಅಂದು ಬೀದಿಗೆ ಕೇಳಿಸಿತು:

“ಒಡೆದದ್ದು ನನ್ನ ಹೆಂಡತಿ. ಸರಿಯಾಗೇ ಒಡೆದಳು.”